ನಮ್ಮ ಕಾಕಾನ ನೇಬರ್ ಶೋ

ಜಮಖಂಡಿಯ ನಮ್ಮ ಕಾಕಾನಷ್ಟು ನೆರೆಹೊರೆಯವರ ಕಾಳಜಿ ಮಾಡುವ ಮನುಷ್ಯ ಈ ಸೀಮೆಯಲ್ಲಿ ಇನ್ನೊಬ್ಬನಿಲ್ಲ. ಯಾರು ಎದ್ದಿದ್ದಾರೆ, ಯಾರು ಮಲಗಿದ್ದಾರೆ, ಯಾರು ಕೂಗಿದರೂ ಓ ಎನ್ನುತ್ತಿಲ್ಲ, ಎಲ್ಲವೂ ಅವನಿಗೆ ಗೊತ್ತು. ಆಗಾಗ ವಿಚಾರಿಸಿಕೊಳ್ಳದಿದ್ದರೆ ಅವನ ಗಂಟಲಲ್ಲಿ ಚಹಾ ಇಳಿಯುವುದಿಲ್ಲ. ಒಂದೇ ಕೊರತೆಯೆಂದರೆ, ಈ ನೆರೆಹೊರೆಯವರಲ್ಲಿ ಒಬ್ಬರೂ ಮನುಷ್ಯರಲ್ಲ!

ಕಾಕಾ ಸಕ್ಕರೆ ಕಾರ್ಖಾನೆಯೊಂದರ ಕಂಪ್ಯೂಟರ್ ವಿಭಾಗದಲ್ಲಿದ್ದು ನಿವೃತ್ತನಾದವನು. ಹಂಗಾಮು ಶುರುವಾದರೆ ಕಬ್ಬಿನ ಟ್ರ್ಯಾಕ್ಟರುಗಳು ತೂಕದ ಕಾಟಾದ ಮುಂದೆ ಸಾಲುಗಟ್ಟುತ್ತಿದ್ದವು. ಕಾಟಾದ ಕಂಪ್ಯೂಟರು ಆಫೀಸಿನ ಕಂಪ್ಯೂಟರಿಗೆ ಕಾಣದಂತಾದರೆ ಮುಗಿಯಿತು, ಸಾಲು ದೊಡ್ಡ ರಸ್ತೆಗೆ ಬರುತ್ತಿತ್ತು, ಡ್ರೈವರುಗಳ ಬೈಗುಳ ಕಾಕಾನ ಕಿವಿಗೆ ಬರುತ್ತಿತ್ತು. ಕಾಕಾ ನಿವೃತ್ತನಾದ, ಆ ಹೆದರಿಕೆ ನಿವೃತ್ತವಾಗಲಿಲ್ಲ. ಈಗಲೂ ಮನೆ ಮುಂದೆ ಕಬ್ಬಿನ ಟ್ರ್ಯಾಕ್ಟರೊಂದು ಜೋರಾಗಿ ಹಾಡು ಹಾಕಿಕೊಂಡು ಹೋಯಿತೆಂದರೆ, ಕೈಯಲ್ಲಿನ ತುತ್ತು ಬಿಟ್ಟು ಎದ್ದು ಕಂಪ್ಯೂಟರಿನ ಮುಂದೆ ಕೂರುತ್ತಾನೆ.

ಕೂತು ಏನು ಮಾಡುತ್ತಾನೆ? ಕಪ್ಪು ಪರದೆ ತೆರೆಯುತ್ತಾನೆ. ಅಲ್ಲಿ ಚಿತ್ರವಿಲ್ಲ, ಬಣ್ಣವಿಲ್ಲ, ಮೌಸಿಗೆ ಕೆಲಸವಿಲ್ಲ. ಮನೆಯ ವೈಫೈಯಲ್ಲಿ ಇರಬಹುದಾದ ವಿಳಾಸಗಳನ್ನೆಲ್ಲ ಕಂಪ್ಯೂಟರಿನಿಂದ ಒಂದೊಂದಾಗಿ ಕೂಗಿಸಿ, ಆಮೇಲೆ ‘ಐಪಿ ನೇಬರ್ ಶೋ’ , ಅಂದರೆ ನೆರೆಯವರನ್ನು ತೋರಿಸು, ಎಂದು ಟೈಪು ಮಾಡಿ ಎಂಟರ್ ಒತ್ತುತ್ತಾನೆ. ಅವನ ಹೆಂಡತಿ, ಅಂದರೆ ನಮ್ಮ ಕಾಕುವಿನ ಫೋನು, ಟೀವಿ, ಪ್ರಿಂಟರು ಎಲ್ಲವೂ ಸಾಲಾಗಿ ಬಂದು ನಿಲ್ಲುತ್ತವೆ. ಪ್ರತಿಯೊಂದಕ್ಕೂ ಒಂದು ವಿಳಾಸ, ಯಂತ್ರದ ಉದ್ದನೆಯ ಗುರುತಿನ ಸಂಖ್ಯೆ, ಕೊನೆಗೆ ಅದರ ಕ್ಷೇಮ ಸಮಾಚಾರ. ಮಾತಾಡುತ್ತಿದ್ದರೆ ರೀಚೆಬಲ್. ಬಹಳ ಹೊತ್ತಿನಿಂದ ಮಾತಿಲ್ಲದಿದ್ದರೆ ಸ್ಟೇಲ್. ಕೂಗಿದರೂ ಉತ್ತರವಿಲ್ಲದಿದ್ದರೆ ಫೇಲ್ಡ್.

“ಶೋ ಚಾಲೂ ಆತ ನೋಡ್,” ಎಂದು ಕಾಕು ಅಡುಗೆಮನೆಯಿಂದ ನನಗೆ ಹೇಳುತ್ತಾಳೆ. “ಟಿಕೀಟ್ ಇಲ್ಲ, ಇಂಟರ್ವಲ್ಲೂ ಇಲ್ಲ!”

ಒಮ್ಮೆ ಅವಳು ಸ್ಟೇಲ್ ಅಂದರೇನು ಎಂದು ಕೇಳಿದಳು.

“ಹಳಸಿದ್ದು,” ಎಂದ ಕಾಕಾ.

“ಹಳಸಿದ್ದ ಇಟ್ಕೊಂಡ ಯಾಕ ಕುಂತೀರಿ? ಚೆಲ್ರಿ!”

“ಚೆಲ್ಲಾಕ ಬರೂದಿಲ್ಲಬೇ. ಅದೇನ್ ಸತ್ತಿಲ್ಲ, ಸುಮ್ನ ಐತಿ ಅಷ್ಟ. ನಾವಾಗೇ ಮಾತಾಡಿಸಿದ್ರ ಮತ್ತ ಮಾತಾಡ್ತೈತಿ.”

ಈ ಹುಚ್ಚು ಮನೆಯೊಳಗೇ ಇದ್ದಿದ್ದರೆ ಸಹಿಸಬಹುದಿತ್ತು. ನಮ್ಮ ಅಣ್ಣನಿಗೆ ಹೆಣ್ಣು ನೋಡಲು ಬನಹಟ್ಟಿಗೆ ಹೋಗಿದ್ದೆವು. ಓಣಿಯ ತುಂಬ ಮಗ್ಗಗಳ ಖಟಖಟ, ಕೂಗಿ ಮಾತಾಡಿದರೂ ಅರ್ಧವೇ ಕೇಳಿಸುತ್ತಿತ್ತು. ಹುಡುಗಿ ಅವಲಕ್ಕಿಯ ತಾಟು ತಂದಿಟ್ಟಳು. ನಾವೆಲ್ಲ ಹುಡುಗಿಯನ್ನು ನೋಡುತ್ತಿದ್ದರೆ ಕಾಕಾ ಮೂಲೆಯಲ್ಲಿ ಲ್ಯಾಪ್‌ಟಾಪ್ ಬಿಚ್ಚಿ, ಬೀಗರ ಪಾಸ್‌ವರ್ಡ್ ಇಸಿದುಕೊಂಡು, ಶೋ ಶುರು ಮಾಡಿದ್ದ! ಸ್ವಲ್ಪ ಹೊತ್ತಿಗೆ ತಲೆ ಎತ್ತಿ ಗಂಭೀರವಾಗಿ ಘೋಷಿಸಿದ: “ಎಲ್ಲಾ ಛಲೋ ಐತ್ರಿ. ಆದ್ರ ಎರಡ ಫೇಲ್ ಅದಾವ.”

ಹುಡುಗಿಯ ಅಪ್ಪ ಎದ್ದೇ ನಿಂತರು. “ಯಾರ ಹೇಳಿದ್ರೀ ನಿಮಗ? ನಮ್ಮ ಹುಡುಗಿ ಒಂದನೇ ಇಯತ್ತೆಯಿಂದ ಬಿ.ಕಾಂ. ತನಕ ಎಲ್ಲೂ ಫೇಲ್ ಆಗಿಲ್ಲ. ಮಾರ್ಕ್ಸ್ ಕಾರ್ಡ್ ತರ್ಲೇನು?”

ಸಂಬಂಧ ಹೇಗೋ ಕೂಡಿತು. ಆದರೆ ಆ ಹುಡುಗಿ, ಈಗ ನಮ್ಮ ವೈನಿ, ಇವತ್ತಿಗೂ ಕಾಕಾನಿಗೆ ತನ್ನ ಫೋನು ಮುಟ್ಟಗೊಡುವುದಿಲ್ಲ.

ಇಲ್ಲಿಯ ತನಕ ನಗುವ ಮಾತಾಯಿತು. ಈಚೆಗೆ ಒಂದು ಮಧ್ಯಾಹ್ನ ಮುಧೋಳದ ನನ್ನ ಆಫೀಸಿಗೆ ಕಾಕಾನ ಫೋನು ಬಂತು. ದನಿ ಪೂರಾ ಇಳಿದುಹೋಗಿತ್ತು. “ತಂಗಿ, ಲಗೂನ ಬಾ. ಮನ್ಯಾಗ ಯಾರೋ ಹೊಕ್ಕಾರ.”

ಬಸ್ಸು ಹತ್ತಿದವಳು ದಾರಿಯುದ್ದಕ್ಕೂ ಕಾಕುವಿನ ಫೋನಿಗೆ ಹಚ್ಚಿದೆ, ಎತ್ತಲಿಲ್ಲ. ಏನೇನು ಕಲ್ಪಿಸಿಕೊಂಡೆನೋ ದೇವರಿಗೇ ಗೊತ್ತು. ಓಡುತ್ತ ಮನೆ ಹೊಕ್ಕರೆ ಕಾಕು ನಿಶ್ಚಿಂತೆಯಿಂದ ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದಾಳೆ!

“ಎಲ್ಲಿ ಕಳ್ಳ?”

ಕಾಕಾ ಪರದೆಯ ಮೇಲಿನ ಒಂದು ಸಾಲನ್ನು ತೋರಿಸಿದ. ಆ ಗುರುತಿನ ಸಂಖ್ಯೆಯ ಯಂತ್ರ ನಮ್ಮ ಮನೆಯಲ್ಲಿ ಯಾವುದೂ ಇರಲಿಲ್ಲ. ಆದರೂ ದಿನಾ ಊಟದ ಹೊತ್ತು ಮುಗಿದ ಮೇಲೆ ಬರುತ್ತದೆ, ಚಹಾದ ಹೊತ್ತಿಗೆ ಹೋಗುತ್ತದೆ. ಸೊಕ್ಕಿನಿಂದ ‘ರೀಚೆಬಲ್’ ಎನ್ನುತ್ತದೆ. “ಅಳಿಸಿ ಒಗದ್ನೆಬೇ. ಮತ್ತ ಕೂಗಿ ನೋಡಿದ್ರ ಅಲ್ಲೇ ನಿಂತಾನ!” ಎಂದ. ಅಳಿಸುವುದೆಂದರೆ ನಮ್ಮ ಕಂಪ್ಯೂಟರು ಅವನನ್ನು ಮರೆಯುವುದು ಮಾತ್ರವಂತೆ. ಅವನನ್ನು ಹೊರಗೆ ಹಾಕುವುದಲ್ಲವಂತೆ.

ಬಿ.ಪಿ. ಇದೆ, ಟೆನ್ಶನ್ ಮಾಡಿಕೊಳ್ಳಬೇಡಿ ಎಂದು ಡಾಕ್ಟರು ಹೇಳಿದಂದಿನಿಂದ ಕಾಕಾನಿಗೆ ಅದೊಂದು ಹೊಸ ಟೆನ್ಶನ್ನು. ಈಗಂತೂ ಊಟ ಬಿಟ್ಟ. ಹಾಲಿನವನನ್ನು ಸಂಶಯದಿಂದ ನೋಡಿದ. ಮನೆಯ ಫೋನುಗಳನ್ನೆಲ್ಲ ಬಂದ್ ಮಾಡಿಸಿ ಹಾಜರಿ ತೆಗೆದುಕೊಂಡ. ಇದನ್ನೆಲ್ಲ ನೋಡಿ ನನಗೂ ಹೆದರಿಕೆ ಹತ್ತಿಕೊಂಡಿತು. ಈ ಮನುಷ್ಯ ಕಂಪ್ಯೂಟರಿನ ಮುಂದೆಯೇ ಕುಸಿದುಬಿದ್ದರೆ?

ಕಾಕು ಮಾತ್ರ, “ಯಾರೋ ಪಾಪದವ್ರು ಇರ್ಬೇಕು. ಇದ್ರ ಇರಲಿ ಬಿಡ್ರಿ,” ಎಂದಳು.

ಅವನು ಬಿಡಲಿಲ್ಲ. ಪಾಸ್‌ವರ್ಡ್ ಬದಲಿಸಿ, ಹೊಸದನ್ನು ಕಾಕುವಿಗೂ ಹೇಳಲಿಲ್ಲ. ಮರುದಿನ ಮಧ್ಯಾಹ್ನ ಕೂಗಿ ನೋಡಿದ. ಆ ವಿಳಾಸದ ಮುಂದೆ ಫೇಲ್ಡ್ ಎಂದು ಬಂತು. ಕಾಕಾ ಎಷ್ಟೋ ದಿನದ ಮೇಲೆ ಕಾಲು ಚಾಚಿ ಕೂತ.

ಆಗ ಕಾಕು ಹಿತ್ತಲಿನ ಗೋಡೆಯ ಹತ್ತಿರದಿಂದ ಒಳಗೆ ಬಂದಳು. ಕಣ್ಣು ಕೆಂಪಾಗಿದ್ದವು.

“ಹಾಕಿದ್ರಿಲ್ಲ ಹೊರಗ? ಸಮಾಧಾನ ಆತಿಲ್ಲ? ಅದು ಪಕ್ಕದ ಮನಿ ಗೌಡ್ರ ಫೋನು. ಪಾಸ್‌ವರ್ಡ್ ನಾನ ಕೊಟ್ಟಿದ್ದೆ.”

ಪಕ್ಕದ ಮನೆಯ ಗೌಡರಿಗೂ ಕಾಕಾನಿಗೂ ಬಚ್ಚಲ ನೀರು ಯಾವ ಕಡೆ ಹರಿಯಬೇಕೆಂಬುದರ ಮೇಲೆ ಮಾತು ಬಿಟ್ಟು ಎಷ್ಟೋ ವರ್ಷಗಳಾಗಿದ್ದವು. ಆ ಜಗಳದಲ್ಲಿ ಗೌಡರ ದನಿ ಬಸ್ ಸ್ಟ್ಯಾಂಡಿನ ತನಕ ಕೇಳಿಸಿತ್ತಂತೆ. ಮಳೆಗಾಲದ ಮುಂಚೆ ಅವರಿಗೆ ಲಕ್ವಾ, ಅಂದರೆ ಪಾರ್ಶ್ವವಾಯು, ಹೊಡೆದು ಆ ದನಿಯೇ ಹೋಯಿತು. ಓಣಿಯ ಮಂದಿಯೆಲ್ಲ ನೋಡಿಕೊಂಡು ಬಂದರು, ಕಾಕಾ ಹೋಗಲಿಲ್ಲ. ಹೋಗಬೇಕೆಂದು ಅಂಗಿ ಹಾಕಿಕೊಂಡು, ಬಾಗಿಲ ತನಕ ಹೋಗಿ, ಏನೆಂದು ಮಾತಾಡಿಸಲಿ ಎಂದು ತಿರುಗಿ ಬಂದುಬಿಡುತ್ತಿದ್ದ. ಅದು ಕಾಕುವಿಗೂ ಗೊತ್ತಿತ್ತು.

ಧಾರವಾಡದ ಸ್ಪೀಚ್ ಥೆರಪಿ ಟೀಚರೊಬ್ಬರು ಫೋನಿನಲ್ಲಿ ಮುಖ ತೋರಿಸುತ್ತ ಗೌಡರಿಗೆ ದಿನಾ ಮಧ್ಯಾಹ್ನ ಮಾತು ಕಲಿಸುತ್ತಿದ್ದರು. ಆ ಹಳೇ ಮನೆಯ ದಪ್ಪ ಗೋಡೆಗಳೊಳಗೆ ಸಿಗ್ನಲ್ ಬರುವುದಿಲ್ಲ. ನಮ್ಮ ಗೋಡೆಗೆ ಹತ್ತಿದ ಕೋಣೆಯಲ್ಲಿ ನಮ್ಮ ವೈಫೈ ಸಿಗುತ್ತಿತ್ತು.

“ಈಗ ಪಾಠ ತಪ್ಪಿಸಿದ್ರ ಮಾತು ಮತ್ತ ಬರೂದು ಕಷ್ಟ ಅಂದಾರಂತ,” ಎಂದು ಕಾಕು ಅತ್ತಳು. “ಇವತ್ತ ಫೋನ್ ಹಿಡ್ಕೊಂಡ ಸುಮ್ನ ಕುಂತಾರಂತ ಪಾಪ.”

ಕಾಕಾ ಎದ್ದ. ಕಪಾಟಿನಿಂದ ಕಾರ್ಖಾನೆಯ ಕಾಲದ ವೈರಿನ ಸುರುಳಿ, ಇನ್ನೊಂದು ವೈಫೈ ಡಬ್ಬಿ ತೆಗೆದ. ಕಿಟಕಿಯಿಂದ ಗೋಡೆ ದಾಟಿಸಿ ವೈರು ಎಳೆದ. ಆಮೇಲೆ ಡಬ್ಬಿ ಎದೆಗೆ ಅವಚಿಕೊಂಡು ಗೌಡರ ಮೆಟ್ಟಿಲು ಹತ್ತಿದ. ನಾನು ಹಿಂದೆಯೇ ಹೋದೆ. ಗೌಡರು ಕೈಯೆತ್ತಿ ಹೊರಗೆ ನಡಿ ಎಂದು ಸನ್ನೆ ಮಾಡಿಬಿಟ್ಟರೆ ಇವನ ಗತಿ ಏನು ಎಂದು ನನ್ನ ಜೀವ ಕೈಯಲ್ಲಿತ್ತು.

ಬಾಗಿಲು ತೆಗೆದ ಗೌಡ್ತಿಯವರು ಅವನನ್ನು ನೋಡಿ ಗಾಬರಿಯಾದರು. “ಅದು... ಲೈನ್ ಸ್ವಲ್ಪ ಕೆಟ್ಟಿತ್ರಿ ಅಕ್ಕಾರ,” ಎಂದು ತೊದಲಿದ ಕಾಕಾ, ನೆಲ ನೋಡುತ್ತಲೇ ಒಳಗೆ ಹೋಗಿ ಡಬ್ಬಿ ಹಚ್ಚಿದ. ಹಾಸಿಗೆಯ ಮೇಲೆ ಕೂತಿದ್ದ ಗೌಡರು ಅವನನ್ನೇ ದಿಟ್ಟಿಸುತ್ತಿದ್ದರು. ಫೋನಿನಲ್ಲಿ ಧಾರವಾಡದ ಟೀಚರ ಮುಖ ಮೂಡಿತು.

“ಇವತ್ತ ಮನಿಗೆ ಯಾರೋ ಬಂದಾರಲ್ರೀ ಗೌಡ್ರ? ಬಂದವ್ರಿಗೆ ಏನಂತೀರಿ? ಅನ್ರಿ, ಗಡಿಬಿಡಿ ಇಲ್ಲ.”

ಗೌಡರ ತುಟಿ ಒಂದು ಕಡೆಗೆ ಎಳೆಯಿತು. ದನಿ ಹೊರಡಲಿಲ್ಲ. ಮತ್ತೆ ಪ್ರಯತ್ನಿಸಿದರು, ಕುತ್ತಿಗೆಯ ನರ ಉಬ್ಬಿತು. ಬಾಗಿಲ ಹತ್ತಿರ ವೈರು ಹಿಡಿದು ನಿಂತ ಕಾಕಾನ ತುಟಿಯೂ ಅವರ ತುಟಿಯ ಜೊತೆಗೆ ಅಲುಗುತ್ತಿತ್ತು.

“ಕು... ಕುಂ... ಕುಂಡ್ರು,” ಎಂದರು ಗೌಡರು.

ನಮ್ಮ ಕಾಕಾ, ನಿಂತಲ್ಲಿಯೇ, ಬರಿ ನೆಲದ ಮೇಲೆ ಕೂತುಬಿಟ್ಟ. ಕಣ್ಣಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ.

“ಕುಂತೇನ್ರಿ ಗೌಡ್ರ, ಕುಂತೇನಿ,” ಎಂದ. “ಇನ್ನೊಮ್ಮೆ ಅನ್ರಿ.”