ಕರೆವ್ವ ಮೂಗು ಮುಟ್ಟಿದರೆ ಸೈಲೆನ್ಸರ್

ಸವಣೂರಿನ ಗುದ್ಲೆಪ್ಪ ಮೇಸ್ತ್ರಿಗೆ ಲೋಕದ ಮೇಲೆ ಒಂದೇ ದೂರಿತ್ತು. ಈಗಿನ ಜನ ಬಾಯಿ ತೆರೆದು ಮಾತಾಡುವುದಿಲ್ಲ. ಜನ ಹಾಳಾಗಲಿ, ಇಂಜಿನ್ನುಗಳೂ ಹಾಗೇ ಆಗಿಬಿಟ್ಟಿವೆ. ಮೊದಲೆಲ್ಲ ಜೀಪು ಬಂಕಾಪುರದಲ್ಲಿ ಕೆಮ್ಮಿದರೆ ಸವಣೂರಿಗೆ ಕೇಳುತ್ತಿತ್ತು, ಈಗಿನ ಕಾರುಗಳು ಅತ್ತೆಮನೆಗೆ ಬಂದ ಹೊಸ ಅಳಿಯನಂತೆ ಗುಸುಗುಸು ಅನ್ನುತ್ತವೆ ಎಂದು ಕಂಡಕಂಡವರಿಗೆಲ್ಲ ಹೇಳುತ್ತಿದ್ದ. ಇದು ತನ್ನ ಕಿವಿಯ ಮಹಿಮೆ ಇರಬಹುದೆಂದು ಅವನಿಗೆ ಹೊಳೆಯಲು ಮೂರು ವರ್ಷ ಬೇಕಾಯಿತು. (ಹೆಂಡತಿ ಕರೆವ್ವನಿಗೆ ಮೂರನೆಯ ದಿನವೇ ಹೊಳೆದಿತ್ತು. ಅವಳು ಹೇಳಿಯೂ ಇದ್ದಳು. ಅವನಿಗೆ ಕೇಳಿಸಿರಲಿಲ್ಲ.)

ಬೇರೆ ಕಸುಬಾಗಿದ್ದರೆ ನಡೆದೀತು. ಗುದ್ಲೆಪ್ಪ ಕಾರಿನ ರೋಗವನ್ನು ಕೇಳಿಯೇ ಹೇಳುವವನು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೆ ಊರಿ, ಹಿಡಿಯನ್ನು ಕಿವಿಗೆ ಒತ್ತಿ ನಿಂತರೆ ವೈದ್ಯರು ನಾಡಿ ಹಿಡಿದಂತಿರುತ್ತಿತ್ತು. ಕಿವುಡ ಮೇಸ್ತ್ರಿಯ ಹತ್ತಿರ ಯಾರು ಗಾಡಿ ತರುತ್ತಾರೆ? ಅದಕ್ಕೇ ಅವನು ಕೇಳದಿದ್ದರೂ ಊರಿ, ಒತ್ತಿ, ತಲೆದೂಗುತ್ತಿದ್ದ.

ಒಂದು ಬೆಳಿಗ್ಗೆ ಶಾಲೆಯ ಟೀಚರ್ ಮದಿಹಾ ಅವರ ಕಾರು ಸ್ಟಾರ್ಟ್ ಆಗದೆ, ನಾಲ್ಕು ಜನ ತಳ್ಳಿಕೊಂಡು ಬಂದು ಗ್ಯಾರೇಜಿಗೆ ಬಿಟ್ಟರು. ಟೀಚರು ಚಾವಿ ತಿರುವಿದರು. ಗುದ್ಲೆಪ್ಪ ಗಂಭೀರನಾಗಿ, ಸ್ಟಾರ್ಟರ್ ಮೋಟಾರು ಹೋಗಿದೆ, ಇಳಿಸಬೇಕು ಎಂದು ನಟ್ಟು ಬಿಚ್ಚುವ ಪಾನಾ ಎತ್ತಿಕೊಂಡ. ಗ್ಯಾರೇಜಿಗೆ ಹತ್ತಿದ ಅಡುಗೆಮನೆಯಿಂದ ಕರೆವ್ವ ಹೊರಬಂದು ಅವನ ಕಿವಿಯ ಹತ್ತಿರ ಬಾಯಿ ಇಟ್ಟಳು.

"ಒಂದ ಸಲ ಟಕ್ ಅಂದು ಸುಮ್ಮನಾಗವಲ್ತು. ಪಲ್ಲಿ ಲೊಚಗುಟ್ಟಿದಂಗ ಟಕಟಕಟಕ ಅನ್ನಾಕತ್ತೈತಿ."

ಗುದ್ಲೆಪ್ಪ ಪಾನಾ ಕೆಳಗಿಟ್ಟ. ಹಾಗಾದರೆ ಮೋಟಾರಿಗೆ ಕರೆಂಟೇ ಪೂರ್ತಿ ಸಾಲುತ್ತಿಲ್ಲ. ಬ್ಯಾಟರಿಯ ತಲೆಯ ಮೇಲೆ ಸುಣ್ಣ ಬಳಿದಂತೆ ಹಿಡಿದಿದ್ದ ಬಿಳಿ ಕಿಲುಬನ್ನು ಕೆರೆದು, ವೈರು ಬಿಗಿ ಮಾಡಿದ. ಕಾರು ಹೊರಟಿತು. ಮೂವತ್ತೈದು ವರ್ಷ ಗ್ಯಾರೇಜಿನ ಗದ್ದಲದ ಪಕ್ಕದಲ್ಲೇ ಅಡುಗೆ ಮಾಡಿದವಳ ಕಿವಿ ಎಷ್ಟು ಪಳಗಿದೆಯೆಂದು ಅವನಿಗೆ ಅವತ್ತು ಗೊತ್ತಾಯಿತು.

ಅಂದೇ ಸಂಜೆ ಅವನ ತಲೆಯಲ್ಲಿ ಒಂದು ಮಹಾಯೋಜನೆ ಹುಟ್ಟಿತು. ಕರೆವ್ವ ಅಡುಗೆಮನೆಯ ಕಿಟಕಿಯಲ್ಲಿ ನಿಂತು ಕೇಳಬೇಕು, ಸನ್ನೆ ಮಾಡಬೇಕು, ಅವನು ರೋಗ ಹೇಳಬೇಕು. ಅವಳು ಮೂಗು ಮುಟ್ಟಿದರೆ ಸೈಲೆನ್ಸರ್. ಸೆರಗು ಎಳೆದುಕೊಂಡರೆ ಬೆಲ್ಟು. ಕಣ್ಣು ಒರೆಸಿಕೊಂಡರೆ ಲೈಟಿನ ವೈರು. ತಲೆ ಕೆರೆದರೆ ಇಂಜಿನ್ನಿನ ಮೇಲ್ಭಾಗ. ಬಳೆ ತಿರುವಿದರೆ ಡೈನಮೋ. ಇದಕ್ಕಿಂತ ಡಾಕ್ಟರಿಗೆ ಕಿವಿ ತೋರಿಸಿಕೊಂಡು ಬರುವುದು ಸಲೀಸು ಎಂದು ಕರೆವ್ವ ಅಂದಳು. ಅದೂ ಅವನಿಗೆ ಕೇಳಿಸಲಿಲ್ಲ.

ಯೋಜನೆ ಎರಡು ವಾರ ಚೆನ್ನಾಗಿಯೇ ನಡೆಯಿತು. ಆಮೇಲೆ ಶಿಗ್ಗಾಂವಿಯಿಂದ ಮೈಲಾರಿ ಬಂದ. ಅವನದು ಮೂರು ಬಾಡಿಗೆ ಕಾರು. ಒಂದರ ಬ್ಯಾಟರಿ ಮೇಲಿಂದ ಮೇಲೆ ಇಳಿಯುತ್ತಿತ್ತು. ಕಂಪ್ಯೂಟರ್ ಇದ್ದ ಗ್ಯಾರೇಜಿನವರು ತಂತಿ ಚುಚ್ಚಿ ನೋಡಿ, ಚಾರ್ಜು ಕಡಿಮೆ ಇದೆ ಎಂದು ಎರಡು ಸಲ ಬ್ಯಾಟರಿ ಬದಲಿಸಿದ್ದರು. ಇದನ್ನು ಹಿಡಿದು ಕೊಟ್ಟರೆ ಮೂರೂ ಕಾರಿನ ಕೆಲಸ ಇನ್ನು ನಿಮಗೇ ಎಂದು ಮೈಲಾರಿ ಇಂಜಿನ್ನಿನ ಸದ್ದಿನ ನಡುವೆ ಗುದ್ಲೆಪ್ಪನಿಗೆ ಕೂಗಿ ಹೇಳಿದ.

ಗುದ್ಲೆಪ್ಪ ಸ್ಕ್ರೂಡ್ರೈವರ್ ಊರಿ ಕಣ್ಣು ಮುಚ್ಚಿದ (ಒಂದನ್ನು ಮಾತ್ರ, ಇನ್ನೊಂದು ಕಿಟಕಿಯ ಮೇಲಿತ್ತು). ದುರ್ದೈವಕ್ಕೆ ಕರೆವ್ವ ಆಗಷ್ಟೇ ಚಟ್ನಿಪುಡಿಗೆ ಒಣಮೆಣಸಿನಕಾಯಿ ಹುರಿಯಲು ಇಟ್ಟಿದ್ದಳು. ಘಾಟು ಎದ್ದಿತು. ಅವಳು ಸೀನಿ ಮೂಗು ಹಿಡಿದುಕೊಂಡಳು.

ಸೈಲೆನ್ಸರ್ ಸೋರುತ್ತಿದೆ ಎಂದ ಗುದ್ಲೆಪ್ಪ.

ಅವಳು ಕಣ್ಣು ಒರೆಸಿಕೊಂಡಳು. ಲೈಟಿನ ವೈರೂ ಸುಟ್ಟಿದೆ ಎಂದ. ಅವಳು ಸೆರಗನ್ನು ಬಾಯಿಗೆ ಎಳೆದುಕೊಂಡಳು. ಬೆಲ್ಟು ಹರಿಯುವುದರಲ್ಲಿದೆ ಎಂದ. ಅವಳು ಮತ್ತೆ ಮತ್ತೆ ಸೀನಿದಳು. ಸೈಲೆನ್ಸರ್ ಅಂತೂ ಪೂರ್ತಿ ಹೋಗಿಬಿಟ್ಟಿದೆ ಎಂದು ಅವನು ನೊಂದುಕೊಂಡೇ ಹೇಳಿದ.

ಮೈಲಾರಿ ತನ್ನ ಕಾರನ್ನೂ ಅವನನ್ನೂ ನೋಡಿದ. "ಹಂಗಾರ ಹಾರ್ನ್ ಒಂದರ ನೆಟ್ಟಗ ಐತೇನ್ರಿ?"

ಅವನು ಬಾನೆಟ್ ಮುಚ್ಚಲು ಕೈ ಹಾಕಿದಾಗ ಕರೆವ್ವ ಕೆಮ್ಮುತ್ತಲೇ ಹೊರಗೆ ಬಂದಳು. ಲೈಟು ಹಚ್ಚಲು ಹೇಳಿದಳು. ಆರಿಸಲು ಹೇಳಿದಳು. ಮತ್ತೊಮ್ಮೆ ಹಚ್ಚಿಸಿದಳು. ಆಮೇಲೆ ಗಂಡನ ಕಿವಿಗೇ ಬಾಯಿ ಹಚ್ಚಿ, ಮೈಲಾರಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದಳು. "ಕಾಳಿಲ್ಲದ ಬೀಸೂಕಲ್ಲು ತಿರಗಿದಂಗ ಉಜ್ಜಾಕತ್ತೈತಿ. ಲೈಟ್ ಹಚ್ಚಿದ್ರ ಜಾಸ್ತಿ, ಆರಿಸಿದ್ರ ಕಮ್ಮಿ."

ಗುದ್ಲೆಪ್ಪನಿಗೆ ಅಷ್ಟು ಸಾಕಾಗಿತ್ತು. ಡೈನಮೋದ ಬೇರಿಂಗು ಸವೆದಿದೆ, ಅದು ಅಲುಗಾಡಿದಾಗ ಒಳಗಿನ ಬ್ರಶ್ಶು ತಾಗುವುದಿಲ್ಲ, ಚಾರ್ಜು ಬಂದುಬಂದು ಹೋಗುತ್ತದೆ. ಆದರೆ ಮುಂದೆ ಕೈ ಹಾಕಲು ಅವನಿಗೆ ಮನಸ್ಸಾಗಲಿಲ್ಲ. ಸ್ಕ್ರೂಡ್ರೈವರನ್ನು ಕೈಯಲ್ಲೇ ತಿರುವುತ್ತ ನಿಂತ.

"ತಮ್ಮಾ, ನನಗ ಕಿವಿ ಕೇಳಂಗಿಲ್ಲ. ಮೂರು ವರ್ಷ ಆತು," ಎಂದ ಕೊನೆಗೆ.

"ಕಿವಿ ನಿಮ್ಮದರ ಇರ್ಲಿ, ಅಕ್ಕಾರದರ ಇರ್ಲಿ," ಎಂದ ಮೈಲಾರಿ. "ನನ್ನ ಗಾಡಿ ಓಡಿದ್ರ ಸಾಕ್ರಿ."

ಕಾರು ಓಡಿತು. ಮರುದಿನ ಕರೆವ್ವ ಗಂಡನನ್ನು ಕಿವಿಯ ಡಾಕ್ಟರ ಹತ್ತಿರ ಎಳೆದುಕೊಂಡು ಹೋದಳು. ಡಾಕ್ಟರು ಎರಡೂ ಕಿವಿಯಿಂದ ಗುಗ್ಗೆ ತೆಗೆದು ತಟ್ಟೆಯಲ್ಲಿ ತೋರಿಸಿ, ರೋಗ ಇಷ್ಟೇ ಎಂದರು. ಗುದ್ಲೆಪ್ಪನ ಕಣ್ಣಿಗೆ ಅದು ಹಳೇ ಗ್ರೀಸಿನಂತೆಯೇ ಕಂಡಿತು. ಬಸ್ಸಿನಲ್ಲಿ ಬರುವಾಗ ಅವನು ದಾರಿಯುದ್ದಕ್ಕೂ ಬಸ್ಸಿನ ದೋಷಗಳನ್ನು ಹೆಂಡತಿಗೆ ಎಣಿಸಿ ಹೇಳಿದ.

ಮೂರನೆಯ ದಿನ ಮೈಲಾರಿ ಎರಡನೆಯ ಕಾರು ತಂದ. ಗುದ್ಲೆಪ್ಪ ಎದೆಯುಬ್ಬಿಸಿ, ಇಂದು ಯಾರ ಸಹಾಯವೂ ಬೇಡವೆಂದು ಸ್ಕ್ರೂಡ್ರೈವರನ್ನು ಕಿವಿಗೆ ಒತ್ತಿದ. ಆಹಾ, ಇಂಜಿನ್ನು ಎಷ್ಟು ಸ್ವಚ್ಛವಾಗಿ ಮಾತಾಡುತ್ತಿತ್ತು! ಅದರ ನಡುವೆ ಸಣ್ಣಗೆ ಟಿಕ್ ಟಿಕ್ ಎಂಬ ಸದ್ದು. ಅವನ ಹುಬ್ಬು ಗಂಟಿಕ್ಕಿತು. ಇಂಜಿನ್ ಆರಿಸಲು ಹೇಳಿದ. ಆರಿಸಿದರೂ ಟಿಕ್ ಟಿಕ್ ನಿಲ್ಲಲಿಲ್ಲ. ಅವನಿಗೆ ಬೆವರು ಬಂತು. ಬಂದ್ ಆದ ಇಂಜಿನ್ನಿನಲ್ಲೂ ನಿಲ್ಲದ ಇಂಥ ಅಪರೂಪದ ರೋಗವನ್ನು ತನ್ನ ಸರ್ವೀಸಿನಲ್ಲೇ ಕಂಡಿಲ್ಲ, ಇಂಜಿನ್ ಪೂರ್ತಿ ಬಿಚ್ಚಬೇಕಾದೀತು ಎಂದು ಮೈಲಾರಿಗೆ ಹೇಳಿದ.

ಕರೆವ್ವ ಕೈ ಒರೆಸಿಕೊಳ್ಳುತ್ತ ಬಂದು ಕಾರಿನ ಕಡೆ ನೋಡಲೂ ಇಲ್ಲ. ಗಂಡನ ಮುಖದ ಪಕ್ಕದಲ್ಲಿದ್ದ ಅವನ ಕೈಯನ್ನು ಮೆಲ್ಲಗೆ ಕೆಳಗಿಳಿಸಿದಳು.

"ಅದು ನಿಮ್ಮ ಕೈಗಡಿಯಾರರಿ," ಎಂದಳು.

ಮೈಲಾರಿ ನಗಲಿಲ್ಲ, ದೊಡ್ಡ ಮನುಷ್ಯ. ಚಾವಿಗಾಗಿ ಗುದ್ಲೆಪ್ಪ ಮುಂದೆ ಚಾಚಿದ್ದ ಕೈಯನ್ನು ದಾಟಿ ಹೋಗಿ, ಕಾರಿನ ಚಾವಿಯನ್ನು ಕರೆವ್ವನ ಕೈಗೆ ಕೊಟ್ಟ.