ಕಂಬಳಿ ಹೊದ್ದ ಬ್ಯಾಟರಿ ಗಾಡಿ

ನನ್ನ ಷಡ್ಡಕ ಬ್ಯಾಟರಿ ಮೋಟರ್ ಸೈಕಲ್ ಕೊಂಡದ್ದು ಓಡಿಸುವುದಕ್ಕಲ್ಲ, ನನ್ನ ಹೊಟ್ಟೆ ಉರಿಸುವುದಕ್ಕೆ! ಬೇಕಾದರೆ ನನ್ನ ಹೆಂಡತಿಯನ್ನು ಕೇಳಿ. ಬೇಡ, ಅವಳನ್ನು ಕೇಳಬೇಡಿ. ಅವನು ಅವಳ ತಂಗಿಯ ಗಂಡ, ಅವಳು ಯಾವಾಗಲೂ ಅವನ ಕಡೆಯೇ.

ಆದೋನಿಯಲ್ಲಿ ಅವನದು ಹತ್ತಿ ವ್ಯಾಪಾರ. ನಾನು ಹೊಳಗುಂದದಲ್ಲಿ ಕನ್ನಡ ಮಾಸ್ತರ. ಅವನ ವಿಚಿತ್ರಗಳು ಒಂದೆರಡಲ್ಲ. ಹೊಸ ಚಪ್ಪಲಿ ತಂದರೆ ವಾರಗಟ್ಟಲೆ ಮನೆಯೊಳಗೇ ಮೆಟ್ಟಿಕೊಂಡು ಓಡಾಡಿ, ಅದು ಪಳಗಿದ ಮೇಲೆ ಬೀದಿಗಿಳಿಸುತ್ತಾನೆ. ಫ್ರಿಜ್ ತಂದ ವರ್ಷ, ಚಳಿಗಾಲದಲ್ಲಿ ಅದಕ್ಕೇಕೆ ಕೆಲಸ ಎಂದು ಆರಿಸಿಬಿಟ್ಟಿದ್ದ. ಹಾಲು ಒಡೆದಾಗ ಎಮ್ಮೆಯನ್ನು ಬೈದ!

ಇಂಥವನಿಗೆ ಗಾಡಿ ಬಿಡಲು ಕಲಿಸಿದವನು ನಾನು ಎಂಬುದನ್ನು ದಯವಿಟ್ಟು ನೆನಪಿಡಿ. ಅವನ ಮದುವೆಯ ಹೊಸದರಲ್ಲಿ, ಹೊಳಗುಂದದ ರಸ್ತೆಯಲ್ಲಿ, ನನ್ನ ಪೆಟ್ರೋಲ್ ಗಾಡಿಯ ಮೇಲೆ ಅವನನ್ನು ಕೂರಿಸಿ ಹಿಂದಿನಿಂದ ಹಿಡಿದುಕೊಂಡು ಓಡಿದ್ದೆ. ಅವನು ಸೀದಾ ಜಾಲಿ ಗಿಡಕ್ಕೆ ನುಗ್ಗಿದ. ಮುಳ್ಳು ತೆಗೆದವನೂ ನಾನೇ! ಅದೇ ಗಾಡಿ ಇವತ್ತಿಗೂ ನನ್ನದು. ಒದ್ದರೆ ಕೆಮ್ಮುತ್ತದೆ, ಒದೆಯದಿದ್ದರೆ ಅದೂ ಇಲ್ಲ. ಈ ಸಲ ಕಾರ್ತಿಕದಲ್ಲಿ ಹಾಗೆ ಒದೆಯಲು ಹೋಗಿ ಬಿದ್ದು, ಕಾಲು ಮುರಿದುಕೊಂಡು, ಪ್ಲಾಸ್ಟರ್ ಹಾಕಿಸಿಕೊಂಡು ಮಂಚ ಹಿಡಿದೆ.

ಅದೇ ವಾರ ಅವನು ಹೊಸ ಗಾಡಿ ತಂದ! ನೀವೇ ಹೇಳಿ, ಮನುಷ್ಯನಾದವನು ಹೀಗೆ ಮಾಡುತ್ತಾನೆಯೇ? ಫೋನಿಗೆ ಫೋಟೋ ಬಂತು. ನವಿಲಿನ ಕತ್ತಿನ ಬಣ್ಣ. ಗೇರಿಲ್ಲ, ಕಿಕ್ಕಿಲ್ಲ, ಸಪ್ಪಳವಿಲ್ಲ. ಅವತ್ತು ನನಗೆ ಊಟ ಸೇರಲಿಲ್ಲ. ಅದರ ಮೇಲೆ ಒಂದೇ ಒಂದು ಸುತ್ತು ಹೋಗಬೇಕೆಂಬ ಆಸೆ ಕಾಲಿನ ನೋವಿಗಿಂತ ಹೆಚ್ಚು ಕಾಡಿತು. ಆದರೆ ಬಾಯಿಬಿಟ್ಟು ಕೇಳುವುದುಂಟೇ? ನಾನು ಹಿರಿಯ ಅಳಿಯ!

"ಹೆಂಗ ಓಡತೈತಪಾ?" ಎಂದು ಹೊಟ್ಟೆಕಿಚ್ಚು ದನಿಯಲ್ಲಿ ಕಾಣದಂತೆ ಫೋನಿನಲ್ಲಿ ವಿಚಾರಿಸಿದೆ.

"ಇನ್ನಾ ಹತ್ತಿಲ್ಲಣ್ಣಾ."

"ಯಾಕ?"

"ಥಂಡಿ ಐತಲ್ಲ. ಬ್ಯಾಟರಿಗೆ ಥಂಡಿ ಆಗಿಬರಂಗಿಲ್ಲಂತ."

ಆದೋನಿಯ ಥಂಡಿ! ಬೆಳಗಿನ ಹೊತ್ತು ತಲೆಗೊಂದು ಟವೆಲು ಸುತ್ತಿದರೆ ಮುಗಿದುಹೋಗುವ ಥಂಡಿ! ಕೆಲವು ದಿನ ಬಿಟ್ಟು ಮತ್ತೆ ಕೇಳಿದರೆ ನೆಪ ಬದಲಾಗಿತ್ತು. "ಈಗ ಶೂನ್ಯಮಾಸಣ್ಣಾ. ಸಂಕ್ರಾಂತಿಗೆ ಪೂಜೆ ಮಾಡಿಸೇ ಹತ್ತೋದು." ಗಾಡಿಯನ್ನು ಗೋದಾಮಿನೊಳಗೆ, ಹತ್ತಿ ತುಂಬಿದ ಅಂಡಿಗೆಗಳ ನಡುವೆ ಬೆಚ್ಚಗೆ ನಿಲ್ಲಿಸಿ, ಮೇಲೆ ಕಂಬಳಿ ಹೊದಿಸಿದ್ದಾನಂತೆ. ಅದು ಮಾವನವರು ಕಿರಿಯ ಅಳಿಯನಿಗೆ ಮಾತ್ರ ಕೊಟ್ಟ ಕಂಬಳಿ. ಅದನ್ನೂ ನಾನು ಮರೆತಿಲ್ಲ!

ಸಂಕ್ರಾಂತಿಯ ಹೊತ್ತಿಗೆ ನನ್ನ ಕಾಲಿನ ಕಟ್ಟು ಬಿಚ್ಚಿದರು. ಹೆಂಡತಿಯ ಜೊತೆ ಕುಂಟುತ್ತಾ ಬಸ್ಸು ಹತ್ತಿ ಆದೋನಿಗೆ ಹೋದೆ. ಹಮಾಲರು ಅಂಡಿಗೆ ಸರಿಸಿದರು, ಷಡ್ಡಕ ಕಂಬಳಿ ತೆಗೆದ, ಗಾಡಿಯನ್ನು ಅಂಗಳಕ್ಕೆ ತಂದರು. ಅಯ್ಯನವರು ವಿಭೂತಿ ಹಚ್ಚಿ, ಹೂವಿನ ಹಾರ ಹಾಕಿ, ಗಾಲಿಯ ಕೆಳಗೆ ನಿಂಬೆಹಣ್ಣು ಇಟ್ಟರು. ಕಾಯಿ ಒಡೆದದ್ದಾಯಿತು. ಷಡ್ಡಕ ಕೀಲಿ ತಿರುಗಿಸಿದ. ಒಂದು ದೀಪವೂ ಹತ್ತಲಿಲ್ಲ!

"ಚಾರ್ಜಿಗೆ ಹಾಕಿದ್ದಿ ಇಲ್ಲೋ?" ಎಂದೆ.

"ಹತ್ತಿ ಗೋದಾಮಿನಾಗ ಚಾರ್ಜಿಗೆ ಹಾಕು ಅಂತೀಯೇನಣ್ಣಾ? ಒಂದು ಕಿಡಿ ಬಿದ್ರ ಮುಗೀತು! ಬೀಡಿ ಸುದ್ದಾ ಸೇದಂಗಿಲ್ಲ ನಾವಿಲ್ಲಿ!"

ಬುದ್ಧಿ ನೋಡಿ! ಇಡೀ ಆದೋನಿಯಲ್ಲಿ ಚಾರ್ಜು ಮಾಡಲಾಗದ ಒಂದೇ ಒಂದು ಜಾಗ ಹುಡುಕಿ ಬ್ಯಾಟರಿ ಗಾಡಿ ನಿಲ್ಲಿಸಿದ್ದ. ಗಾಡಿ ಕೊಟ್ಟ ಅಂಗಡಿಯ ಮೆಕ್ಯಾನಿಕ್‌ಗೆ ಫೋನು ಹೋಯಿತು. "ಬ್ಯಾಟರಿ ಪಡುಕುಂದಿ ಸಾರ್!" ಎಂದು ಅವನು ತೆಲುಗಿನಲ್ಲಿ ಕೂಗಿದ. ಮಲಗಿಬಿಟ್ಟಿದೆಯಂತೆ! ಸುಮ್ಮನೆ ನಿಲ್ಲಿಸಿದರೂ ಒಳಗೊಳಗೇ ಅದು ಕರೆಂಟು ತಿನ್ನುತ್ತದೆಯಂತೆ, ನಡುನಡುವೆ ಚಾರ್ಜು ಮಾಡಬೇಕಿತ್ತಂತೆ, ಈಗ ಬಿಚ್ಚಿ ಕರ್ನೂಲಿಗೆ ಕಳಿಸಬೇಕಂತೆ.

ನಿಜ ಹೇಳುತ್ತೇನೆ, ನನ್ನ ಹೊಟ್ಟೆ ತಣ್ಣಗಾಯಿತು. ಎಷ್ಟೋ ದಿನದ ಮೇಲೆ ಸರಿಯಾಗಿ ಹಸಿವಾಯಿತು! ಮುಖವನ್ನು ಮಾತ್ರ ಸಪ್ಪಗೆ ಮಾಡಿಕೊಂಡು, "ತಂದ ದಿನಾನೇ ಹತ್ತಿದ್ರ ಹಿಂಗ ಆಗ್ತಿತ್ತಾ? ಯಾರಪಾ ನಿನ್ನ ಬ್ಯಾಡ ಅಂದೋರು?" ಎಂದು ಚುಚ್ಚಿದೆ.

ಷಡ್ಡಕ ತಲೆ ತಗ್ಗಿಸಿ ಕೀಲಿಯನ್ನೇ ತಿರುಗಿಸುತ್ತಿದ್ದ. ಆರತಿ ತಟ್ಟೆ ಹಿಡಿದು ನಿಂತಿದ್ದ ನಾದಿನಿಗೆ ತಡೆಯಲಾಗಲಿಲ್ಲ.

"ನಿಮ್ಮ ಸಲುವಾಗೇ ಭಾವ! ಥಂಡಿನೂ ಇಲ್ಲ, ಶೂನ್ಯಮಾಸಾನೂ ಇಲ್ಲ. 'ನನಗ ಗಾಡಿ ಕಲಿಸಿದಾತ ಮಂಚದ ಮ್ಯಾಲ ಅದಾನ, ನಾ ಹೆಂಗ ಹತ್ತಲಿ? ಮೊದಲನೇ ಸುತ್ತು ಅಣ್ಣಂದೇ' ಅಂತ ಕುಂತ್ರು. ನಿಮಗ ಹೇಳಿದ್ರ ಬ್ಯಾಡ ಅಂತೀರಂತ ನನ್ನ ಬಾಯೀನೂ ಮುಚ್ಚಿಸಿದ್ರು."

ನನ್ನ ಹೆಂಡತಿ ನನ್ನ ಮುಖ ನೋಡಿದಳು. ನಾನು ನಿಂಬೆಹಣ್ಣು ನೋಡಿದೆ.

ಷಡ್ಡಕ ಕೀಲಿಯನ್ನು ನನ್ನ ಅಂಗೈಯಲ್ಲಿಟ್ಟ. "ಹತ್ತಣ್ಣಾ."

"ಮಲಗಿದ ಗಾಡಿ ಹತ್ತಿ ಏನು ಮಾಡ್ಲಪಾ?"

"ನೀ ಹ್ಯಾಂಡಲ್ ಹಿಡಕೊಂಡು ಕೂಡು. ನೂಕಾಕ ನಾ ಅದೀನಲ್ಲ!"

ಪಂಚೆ ಎತ್ತಿ ಕಟ್ಟಿ, ಸೀಟಿನ ಹಿಂದೆ ಎರಡೂ ಕೈಯಿಟ್ಟು ನೂಕಿದ. ನಿಂಬೆಹಣ್ಣು ಚಪ್ಪಟೆಯಾದವು. ಹಮಾಲರು ನಗುತ್ತಾ ದಾರಿ ಬಿಟ್ಟರು. ಗೋದಾಮಿನ ಅಂಗಳದಲ್ಲಿ ಗಾಡಿ ಮೆಲ್ಲಗೆ ಸುತ್ತತೊಡಗಿತು. ಅಷ್ಟು ದಪ್ಪ ಮನುಷ್ಯ, ನನ್ನ ಬೆನ್ನ ಹಿಂದೆ ಏದುಸಿರು ಬಿಡುತ್ತಲೇ ಕೂಗಿದ: "ಸಪ್ಪಳಾನೇ ಇಲ್ಲ ನೋಡಣ್ಣಾ!"

"ಹೂಂನಪಾ, ಭಾಳ ಚೊಲೋ ಓಡತೈತಿ," ಎಂದೆ. ಕಣ್ಣು ಒರೆಸಿಕೊಳ್ಳೋಣವೆಂದರೆ ಎರಡೂ ಕೈ ಹ್ಯಾಂಡಲಿನ ಮೇಲಿದ್ದವು.