ಹುಲಿಗೆವ್ವನ ಬರಿಗೈ

ಬರಿಗೈ ಎಂಬ ಮಾತಿಗೆ ನಮ್ಮಲ್ಲಿ ಮರ್ಯಾದೆಯೇ ಇಲ್ಲ. ಬೀಗರ ಮನೆಗೆ ಬರಿಗೈಯಲ್ಲಿ ಹೋಗಬಾರದು, ಬಾಣಂತಿಯನ್ನು ಬರಿಗೈಯಲ್ಲಿ ನೋಡಬಾರದು, ಸಂತೆಗೆ ಹೋದವರು ಬರಿಗೈ ಬೀಸಿಕೊಂಡು ಬರಬಾರದು. ಏನೂ ಇಲ್ಲದೆ ಜಂಬ ಕೊಚ್ಚುವವನನ್ನು ಬರಿಗೈಯಲ್ಲಿ ಮೊಳ ಹಾಕುತ್ತಾನೆ ಎಂದು ಆಡಿಕೊಳ್ಳುತ್ತೇವೆ. ನೆರೆಮನೆಯಿಂದ ಬಂದ ಡಬ್ಬಿಯನ್ನು ಖಾಲಿ ಕಳಿಸಬಾರದೆಂದು ನಾಲ್ಕು ಕಾಳು ಸಕ್ಕರೆಯನ್ನಾದರೂ ಹಾಕಿ ಕಳಿಸುವ ಊರು ನಮ್ಮ ರೋಣ. ಇಂಥ ಊರಿನಲ್ಲಿ ಕೂತು ನಾನು ಒಬ್ಬ ಬರಿಗೈ ಜಟ್ಟಿಯನ್ನು, ಅದೂ ಹೆಣ್ಣು ಜಟ್ಟಿಯನ್ನು, ತಯಾರು ಮಾಡಲು ಹೊರಟೆನಲ್ಲ, ತಪ್ಪು ನನ್ನದೇ ಇರಬಹುದು. ಹಾಗೆಂದು ನೀವು ತೀರ್ಮಾನ ಕೊಡುವ ಮೊದಲು ನಾನು ಪಟ್ಟ ಪಾಡನ್ನೂ ಒಂದಿಷ್ಟು ಕೇಳಿ.

ನಾನು ಹೆಣ್ಣುಮಕ್ಕಳ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುವವಳು. ಬೆಕ್ಕು ಅಡ್ಡ ಬಂದರೆ ಏನೂ ಆಗುವುದಿಲ್ಲ, ಹಲ್ಲಿಗೆ ಭವಿಷ್ಯ ಗೊತ್ತಿಲ್ಲ, ಗ್ರಹಣದ ಹೊತ್ತಿನಲ್ಲಿ ಉಂಡರೆ ಹೊಟ್ಟೆ ತುಂಬುತ್ತದೆಯೇ ಹೊರತು ಬೇರೇನಿಲ್ಲ ಎಂದು ವರ್ಷಕ್ಕೊಮ್ಮೆ ಮೇಜು ಕುಟ್ಟಿ ಹೇಳುತ್ತೇನೆ. ನಮ್ಮ ಯಜಮಾನರದು ನರಗುಂದದಲ್ಲಿ ಕಾಳುಕಡಿಯ ಅಡತಿ ಅಂಗಡಿ. ಪೇಟೆಯಲ್ಲಿ ಒಬ್ಬೊಬ್ಬರೇ ಕಂಪ್ಯೂಟರ್ ಇಟ್ಟುಕೊಳ್ಳತೊಡಗಿದ್ದ ಆ ವರ್ಷ ಇವರೂ ಹುಬ್ಬಳ್ಳಿಗೆ ಹೋಗಿ ಒಂದನ್ನು ಜೋಡಿಸಿಕೊಂಡು ಬಂದರು. ಬಂದು ನೋಡಿದರೆ ಅಂಗಡಿಯ ಗೋಡೆಗೆ ಗಿಲಾವು ನಡೆದಿತ್ತು. "ದಸರಾದ ದಿನ ಚಲೋ ಮುಹೂರ್ತ ಐತಿ, ಅವತ್ತ ಅಂಗಡಿಗೆ ಒಯ್ತೀನಿ. ಅಲ್ಲಿತನಾ ಮನ್ಯಾಗ ಇರ್ಲಿ. ಧೂಳ ಕುಂದ್ರದಂಗ ನೋಡ್ಕೊ, ಸಾಕು" ಎಂದು ಪಡಸಾಲೆಯ ಮೂಲೆಯಲ್ಲಿ ಅದನ್ನು ಪ್ರತಿಷ್ಠಾಪಿಸಿದರು. ಜೋಡಿಸಿದ ಪುಣ್ಯಾತ್ಮ ಅದರೊಳಗೆ ಪುಕ್ಕಟೆಯಾಗಿ ಒಂದು ಆಟ ಹಾಕಿಕೊಟ್ಟಿದ್ದ. ಧೂಳು ಒರೆಸಲು ಕೂತವಳು ನಾನು ಆ ಆಟಕ್ಕೆ ಬಿದ್ದೆ.

ಕೋಟೆ, ಕಾಡು, ರೆಕ್ಕೆಯ ಹಾವು, ಮಾತಾಡುವ ಮರ, ಎಲ್ಲ ಇರುವ ಮಾಯಾಲೋಕ ಅದು. ಒಳಗೆ ಹೋಗುವ ಮೊದಲು ನಮ್ಮ ವೀರನನ್ನು ನಾವೇ ಹುಟ್ಟಿಸಬೇಕು. ಒಂದಿಷ್ಟು ಅಂಕ ಕೊಟ್ಟು, ಬಲಕ್ಕೆಷ್ಟು, ಚುರುಕಿಗೆಷ್ಟು, ಬುದ್ಧಿಗೆಷ್ಟು ಹಂಚಿಕೋ ಎನ್ನುತ್ತದೆ. ಆಮೇಲೆ ಖಡ್ಗವೋ ಬಿಲ್ಲೋ ಮಂತ್ರವೋ ಬರಿಗೈಯೋ ಎಂದು ಕೇಳುತ್ತದೆ. ಖಡ್ಗ ಮೊಂಡಾಗುತ್ತದೆ, ರಿಪೇರಿ ಮಾಡಿಸಬೇಕು. ಬಾಣ ಮುಗಿಯುತ್ತವೆ, ಮತ್ತೆ ತರಬೇಕು. ಮಿಕ್ಸರನ್ನು ರಿಪೇರಿಗೆ ಹೊತ್ತು ಹೊತ್ತು ಬೇಸತ್ತಿದ್ದ ನನಗೆ ಇನ್ನೊಂದು ಲೋಕದಲ್ಲೂ ಅದೇ ಕೆಲಸವೇ ಎನಿಸಿ ಬರಿಗೈಯನ್ನೇ ಆರಿಸಿದೆ. ಬರಿಗೈಯವರಿಗೆ ಬುದ್ಧಿ ದಂಡ ಎಂದು ಗೊತ್ತಾಗಿ, ಮೇಷ್ಟ್ರ ಕೆಲಸ ಮಾಡುವವಳಾಗಿಯೂ ಎದೆ ಗಟ್ಟಿ ಮಾಡಿಕೊಂಡು, ಬುದ್ಧಿಯ ಅಂಕವನ್ನೆಲ್ಲ ಕಿತ್ತು ಬಲಕ್ಕೆ ಸುರಿದೆ. ನನ್ನ ತರಗತಿಯಲ್ಲಿ ಅಷ್ಟು ಕಡಿಮೆ ಅಂಕ ಯಾರಿಗೂ ಬಿದ್ದಿಲ್ಲ. ಹೆಸರು ಹುಲಿಗೆವ್ವ ಎಂದು ಬರೆದರೆ ಇಂಗ್ಲಿಷಿನಲ್ಲಿ ಕೊನೆಯ ಅಕ್ಷರಕ್ಕೆ ಜಾಗವಿಲ್ಲದೆ 'ಹುಲಿಗೆವ್' ಎಂದು ನಿಂತಿತು. ಮಾತಿನ ಬಾಲ ನುಂಗುವುದು ನಮ್ಮ ಸೀಮೆಯ ರೂಢಿಯೇ ಆದ್ದರಿಂದ ನನಗೆ ಕೊರತೆಯೇನೂ ಕಾಣಲಿಲ್ಲ.

ಇನ್ನು ನಿಯಮ. ಬರಿಗೈ ಜಟ್ಟಿಯ ಕೈ ಬರಿದೇ ಇರಬೇಕು. ಖಡ್ಗ ಬೇಡ, ಗುರಾಣಿ ಬೇಡ, ಒಂದು ಉಂಗುರವೂ ಕೂಡದು. ಕೈಯಲ್ಲಿ ಏನಾದರೂ ಏರಿತೋ, ಕಲಿತ ಮುಷ್ಟಿವಿದ್ಯೆಯೆಲ್ಲ ಮಾಯ; ಆಮೇಲೆ ಅವಳು ಹೊಡೆದರೆ ಸೊಳ್ಳೆ ಓಡಿಸಿದ ಹಾಗೆ. ಹೀಗೆ ಕಾಡೆಲ್ಲ ಗುದ್ದಿಕೊಂಡು, ಹುಲಿಗೆವ್ವ ಒಂದು ಕಲ್ಲಿನ ಹೆಬ್ಬಾಗಿಲಿಗೆ ಬಂದು ಮುಟ್ಟಿದಳು. ಅಲ್ಲಿ ಗದೆ ಹಿಡಿದ ಒಬ್ಬ ದೈತ್ಯ. ದಸರಾದೊಳಗೆ ಅವನನ್ನು ಬೀಳಿಸಬೇಕು ಎಂದು ನಾನು ಹಟ ಹಿಡಿದೆ. ಕಾರಣ ಹೇಳಲು ನಾಚಿಕೆ. ಶಾಲೆಯಲ್ಲಿ ಯಾರೇ ರಜೆ ಹಾಕಲಿ, ಹೆಡ್ ಮಾಸ್ತರರು ಕಿಟಕಿಯಿಂದ ಇಣುಕಿ "ನೀವ ಅದೀರಲ್ಲರಿ ಟೀಚರ" ಎನ್ನುತ್ತಿದ್ದರು. ನಾನು "ಆಗ್ಲಿರಿ ಸರ್" ಎಂದು ಬಿಡುವಿನ ಪಿರಿಯಡ್ಡನ್ನು ಒಪ್ಪಿಸುತ್ತಿದ್ದೆ. ಹೇಳಬೇಕಾಗಿದ್ದ ಮಾತು ಎಲ್ಲ ಮುಷ್ಟಿಗೆ ಇಳಿದಿತ್ತು. ಜೀವಮಾನದಲ್ಲಿ ಒಂದು ಸಲವಾದರೂ, ದಾರಿಗೆ ಅಡ್ಡ ನಿಂತವನನ್ನು ನಾನು ಹೊಡೆದು ಕೆಡವಬೇಕಿತ್ತು. ದಸರಾ ಬಂದರೆ ಯಂತ್ರ ನರಗುಂದಕ್ಕೆ, ನಾನು "ಆಗ್ಲಿರಿ ಸರ್"ಗೆ.

ಆದರೆ ಹೊಡೆದರೆ ತಾಗಬೇಕಲ್ಲ! ಮೊದಲ ದಿನ ದೈತ್ಯ ಎರಡೇ ಪೆಟ್ಟಿಗೆ ಹುಲಿಗೆವ್ವನನ್ನು ಮಲಗಿಸಿದ. ಎರಡನೆಯ ದಿನವೂ ಅದೇ. ಅಂಕ ಹಂಚಿದ್ದು ತಪ್ಪಾಯಿತೇ, ಬುದ್ಧಿ ತೀರ ಕಡಿಮೆಯಾಯಿತೇ ಎಂದು ನಾನು ತಲೆ ಕೆಡಿಸಿಕೊಂಡು ಚಪಾತಿ ಸುಟ್ಟೆ. ಯಜಮಾನರು "ಹೋಗ್ಲಿ, ಒಂದು ಕುಡಗೋಲಾರ ಕೊಡಬಾರದೇನು ಆಕಿ ಕೈಯಾಗ? ಬರಿಗೈಲೆ ಯಾರ ಜಗಳಕ್ಕ ಹೋಗ್ತಾರ?" ಎಂದು ಸುಟ್ಟ ಚಪಾತಿ ಹರಿಯುತ್ತ ಉಪದೇಶ ಮಾಡಿದರು. ಕೊನೆಗೆ ಕನ್ನಡಕ ಹಾಕಿಕೊಂಡು ಪರದೆಗೆ ಮೂಗು ಹಚ್ಚಿ ನೋಡುತ್ತೇನೆ: ಹುಲಿಗೆವ್ವನ ಎರಡೂ ಮುಂಗೈಯಲ್ಲಿ ತಾಮ್ರದ ಕಡಗ! ಕಾಡಿನಲ್ಲಿ ಸಿಕ್ಕಿದ್ದನ್ನು ನಾನು ಚೀಲಕ್ಕೆ ಹಾಕಿಕೊಂಡಿದ್ದೆನೇ ವಿನಾ ತೊಡಿಸಿರಲಿಲ್ಲ. ಕೈತಪ್ಪಿ ಆಗಿರಬೇಕೆಂದು ತೆಗೆದೆ. ಮರುದಿನ ಒಲೆಯ ಮೇಲಿನ ಹಾಲು ನೋಡಿ ಬರುವಷ್ಟರಲ್ಲಿ ಕಡಗ ಮತ್ತೆ ಏರಿತ್ತು. ಯಂತ್ರ ಕೆಟ್ಟಿತೆಂದು ಹುಬ್ಬಳ್ಳಿಯವನಿಗೆ ಫೋನು ಮಾಡಿದೆ. "ಒಮ್ಮೆ ಬಂದ್ ಮಾಡಿ ಚಾಲೂ ಮಾಡ್ರಿ ಮೇಡಂ" ಎಂದ. ಬಂದ್ ಮಾಡುವ ಕಷ್ಟವನ್ನು ರೋಣದ ಕರೆಂಟು ನನಗೆ ಯಾವತ್ತೂ ಕೊಟ್ಟಿರಲಿಲ್ಲ.

ಕಳ್ಳಿ ಸಿಕ್ಕಿದ್ದು ಮೂರನೆಯ ಸಲ. ಹಾಲು ಉಕ್ಕಿದರೆ ಉಕ್ಕಲಿ ಎಂದು ಬಾಗಿಲ ಮರೆಯಲ್ಲಿ ನಿಂತು ನೋಡಿದೆ. ಪಕ್ಕದ ಹೊರಸಿನ ಮೇಲೆ ಕೂತು ಶೇಂಗಾ ಸುಲಿಯುತ್ತಿದ್ದ ನಮ್ಮ ಅತ್ತೆ ಮೆಲ್ಲಗೆ ಎದ್ದರು, ಸೆರಗಿಗೆ ಕೈ ಒರೆಸಿಕೊಂಡರು, ಕುರ್ಚಿಯಲ್ಲಿ ಕೂತರು, ಕಂಪ್ಯೂಟರಿನ ಮೌಸೆಂಬ ಇಲಿಯನ್ನು ಹಿಡಿದು ಚೀಲ ತೆರೆದು ಕಡಗವನ್ನು ಎಳೆದು ಹುಲಿಗೆವ್ವನ ಕೈಗೆ ಬಿಟ್ಟರು. ಗಜೇಂದ್ರಗಡದ ಮಗಳು, ಒಮ್ಮೆ ಕಂಡ ಕೆಲಸವನ್ನು ಎರಡನೆಯ ಸಲ ಕೇಳಿದವರಲ್ಲ.

"ಅತ್ತೀ! ನೀವೇನ್ರಿ ಬಳಿ ಹಾಕೂದು?" ಎಂದು ಚೀರಿದೆ.

"ಹೂಂ, ನಾನ. ಮುತ್ತೈದಿ ಹೆಂಗಸು ಬರಿಗೈಲೆ ಕುಣದಾಡಿದ್ರ ನೋಡಾಕ ಆಗೂದಿಲ್ಲವಾ."

"ಆಕಿದಿನ್ನೂ ಲಗ್ನನ ಆಗಿಲ್ಲರಿ!"

"ಹಂಗಾದ್ರ ಇನ್ನೂ ಚಂದಾತು. ಕನ್ಯಾ ನೋಡಾಕ ಬಂದವರು ಏನ ಅಂದಾರು?"

ಅಂಥ ಕಗ್ಗಾಡಿಗೆ ಕನ್ಯೆ ನೋಡಲು ಯಾರು ಬರುತ್ತಾರೆ, ಬಂದರೂ ದೈತ್ಯನನ್ನು ದಾಟಿ ಬರಬೇಕು ಎಂದು ನಾನು ವಾದ ಮಾಡಿದೆ. ಆ ದಿನ ಒಪ್ಪಿದಂತೆ ತಲೆಯಾಡಿಸಿದರು. ಮರುದಿನ ಕಡಗವಿತ್ತು. ನಾನು ಕಡಗವನ್ನು ಕಾಡಿನಲ್ಲಿ ಬಿಸಾಡಿ ಬಂದೆ. ಅದರ ಮರುದಿನ ನಾಗರಹೆಡೆಯ ಉಂಗುರವಿತ್ತು. "ಇದು ಬಳಿ ಅಲ್ಲಲ್ಲ" ಎಂದರು. ಹಬ್ಬ ಹತ್ತಿರ ಬಂದಿತ್ತು, ದೈತ್ಯನಿಗೆ ಒಂದು ಪೆಟ್ಟೂ ಸರಿಯಾಗಿ ಬಿದ್ದಿರಲಿಲ್ಲ. ನನಗೆ ಅಳುವೇ ಬಂತು. ಅಳು ಬಂದರೆ ನಾನು ಭಾಷಣ ಮಾಡುವವಳು.

"ಅತ್ತೀ, ತಿಳ್ಕೋರಿ. ಈ ಆಟದಾಗ ಬರಿಗೈಗೇ ಬಲ. ಬಳಿ ಏರಿದ್ರ ಬಲ ಹೋಕ್ಕೈತಿ. ಬರಿಗೈ ಅಂದ್ರ ಅಪಶಕುನ, ಕೆಟ್ಟದ್ದು ಅನ್ನೂದೆಲ್ಲಾ ಹಳೇ ಮಂದಿ ಕಟ್ಟಿದ ಸುಳ್ಳು. ಬಳಿಗೂ ನಸೀಬಕ್ಕೂ ಏನೇನೂ ಸಂಬಂಧ ಇಲ್ಲ. ನಾ ಸಾಲ್ಯಾಗ ಹುಡುಗ್ಯಾರಿಗೆ ಇದನ್ನ ಹೇಳ್ತೀನಿ."

ಅತ್ತೆ ಶೇಂಗಾದ ಧೂಳು ಹತ್ತಿದ್ದ ತಮ್ಮ ಕೈಗಳನ್ನು ಒಮ್ಮೆ ತಿರುವಿ ನೋಡಿಕೊಂಡರು. ಮಾವನವರು ತೀರಿಕೊಂಡ ಮೇಲೆ ಆ ಕೈಗಳಿಗೆ ಬಳೆ ಏರಿಲ್ಲ. ನನ್ನ ಕಣ್ಣೆಲ್ಲ ದೈತ್ಯನ ಮೇಲಿತ್ತು. ಉಂಗುರ ಬಿಚ್ಚುವ ಅವಸರದಲ್ಲಿ ಅದು ನನ್ನ ತಲೆಗೆ ಹೊಳೆಯಲಿಲ್ಲ. "ಬರಿಗೈಗೆ ಬಲನಾ? ಖರೇನ?" ಎಂದು ಕೇಳಿದರು. "ಖರೇರಿ" ಎಂದೆ. ಅಷ್ಟೇ. ಅಂದಿನಿಂದ ಅತ್ತೆ ಚೀಲವನ್ನು ಮುಟ್ಟಲಿಲ್ಲ. ಬದಲಿಗೆ ಹೊರಸನ್ನು ಇನ್ನೂ ಹತ್ತಿರ ಎಳೆದುಕೊಂಡು ಹುಲಿಗೆವ್ವನ ಪಕ್ಷ ಕಟ್ಟಿದರು. "ಹಾಕು! ಹೊಟ್ಟಿಗೆ ಹಾಕು! ಗದಾ ಹಿಡದಾನ ನೋಡು ಹೇಡಿ, ಬರಿಗೈಲೆ ಬಾ ಅನ್ನು ಅವಂಗ!" ಎನ್ನುವ ಅವರ ಕೂಗಿಗೆ ಓಣಿಯವರು ಮನೆಯಲ್ಲಿ ಜಗಳವೆಂದು ಇಣುಕಿ ಹೋದರು. ಹುಲಿಗೆವ್ವ ಈಗ ಹೊಡೆದರೆ ದೈತ್ಯ ಹಿಂದೆ ಸರಿಯುತ್ತಿದ್ದ. ಅರ್ಧ ಸೋಲಿಸುವಷ್ಟರಲ್ಲಿ ಕರೆಂಟು ಹೋಗುತ್ತಿತ್ತು, ಮತ್ತೆ ಮೊದಲಿನಿಂದ.

ಹೀಗೆ ಖಂಡೇಪೂಜೆಯ ಹಿಂದಿನ ಸಂಜೆ ಬಂತು. ಮರುದಿನ ಯಂತ್ರಕ್ಕೆ ಪೂಜೆ. ಪೂಜೆಗಿಟ್ಟ ಆಯುಧವನ್ನು ಆ ದಿನ ಮುಟ್ಟುವ ಹಾಗಿಲ್ಲ. ಅದರ ಮರುದಿನ ದಸರಾ, ನರಗುಂದ. ಆಡುವುದಿದ್ದರೆ ಇದೊಂದೇ ಸಂಜೆ. ದೈತ್ಯನ ಪ್ರಾಣದ ಕೆಂಪು ಗೆರೆ ಕೂದಲೆಳೆಯಷ್ಟು ಉಳಿದಿತ್ತು. ಆಗ ಕಟ್ಟೆಯ ಮೇಲೆ "ಬಳೀ!" ಎಂದು ಸವಡಿಯ ಮಾಬೂಸಾಬ ಕೂಗಿದ. ಹಬ್ಬಕ್ಕೆ ಇಡೀ ಓಣಿಗೆ ಬಳೆ ಇಡಿಸುವವನು ಅವನೇ, ಈಗ ಬಿಟ್ಟರೆ ಮತ್ತೆ ಈ ಕಡೆ ಬರುವವನಲ್ಲ. ಹಬ್ಬಕ್ಕೆ ಹೊಸ ಬಳೆ ಇಲ್ಲದೆ ಹೇಗೆ? ಆಟವನ್ನು ನಿಲ್ಲಿಸಿಟ್ಟು ಎದ್ದು ಹೋದೆ. ಈ ಎದ್ದು ಹೋದದ್ದನ್ನು ಗಮನಿಸಿ; ನಾನು ಆಗ ಗಮನಿಸಲಿಲ್ಲ.

ಅತ್ತೆ ಹೊಸ್ತಿಲಲ್ಲಿ ಕೂತು ನನಗೆ ಹಸಿರು ಚುಕ್ಕಿಯ ಬಳೆ ಆರಿಸಿದರು. "ಟೀಚರಬಾಯಿ, ಚಾಕ್ ಹಿಡದ ಹಿಡದ ಕೈ ಕಟ್ಟಿಗಿ ಆಗ್ಯಾವಲ್ರಿ. ಸಡ್ಲ ಬಿಡ್ರಿ" ಎನ್ನುತ್ತ ಮಾಬೂಸಾಬ ಹಳೆಯ ಬಳೆಗಳನ್ನು ಇಳಿಸಿದ. ಎಲ್ಲ ತೆಗೆಯುವುದಿಲ್ಲ, ಕೈ ಬರಿದಾಗಬಾರದೆಂದು ಒಂದನ್ನು ಬಿಟ್ಟು, ಹೊಸವು ಏರಿದ ಮೇಲೆ ಅದನ್ನು ಇಳಿಸುವುದು ಅವನ ಪದ್ಧತಿ, ಅವನ ಅಪ್ಪನ ಪದ್ಧತಿ. ಆ ದಿನ ಬಲಗೈಯಲ್ಲಿ ಬಿಟ್ಟಿದ್ದ ಒಂದೇ ಒಂದು ಹಳೆಯ ಬಳೆ, ಅವನು ಕೈ ಅಮುಕುವಾಗ, ಚಟ್ಟನೆ ಎರಡು ತುಂಡಾಗಿ ಕಟ್ಟೆಯ ಮೇಲೆ ಬಿತ್ತು.

"ಅಯ್ಯಯ್ಯೋ! ಬರಿಗೈ ಆತಲ್ರಿ ನಂದು! ಲಗೂ ಹಾಕ್ರಿ, ಯಾವುದಾರ ಒಂದು ಹಾಕ್ರಿ, ಲಗೂ!" ಎಂದು ನಾನು ಸೆರಗನ್ನು ಮುಂಗೈಗೆ ಸುತ್ತಿಕೊಂಡು ಕಿರುಚಿದೆ. ಯಜಮಾನರು ಇನ್ನೂ ನರಗುಂದದಿಂದ ಬಂದಿಲ್ಲ, ಬಸ್ಸು ಹೇಗಿದೆಯೋ ಏನೋ ಎಂದು ಒಂದು ಗಳಿಗೆಯಲ್ಲಿ ಮನಸ್ಸಿಗೆ ಏನೇನೋ ಬಂದು ಹೋಯಿತು.

"ಯಾಕವಾ," ಎಂದರು ಅತ್ತೆ. "ಬರಿಗೈಗೇ ಬಲ ಅಂದಿದ್ದೆಲ್ಲ?"

ಕುಹಕದಿಂದ ಕೇಳಿದ್ದರೆ ತಿರುಗಿ ಏನಾದರೂ ಅನ್ನಬಹುದಿತ್ತು. ಅವರು ತಿಳಿದುಕೊಳ್ಳಲೆಂದೇ ಕೇಳಿದ್ದರು. ಹೊಸ್ತಿಲ ಮೇಲೆ ಊರಿದ್ದ ಅವರ ಬರಿಯ ಕೈಗಳನ್ನು ನಾನು ಆಗ ನೋಡಿದೆ. ಅಷ್ಟು ದಿನ ಅವು ನನ್ನ ಪಕ್ಕದಲ್ಲೇ ಶೇಂಗಾ ಸುಲಿದಿದ್ದವು. ನನಗೆ ಬಹಳ ನಾಚಿಕೆಯಾಯಿತು. ಮಾಬೂಸಾಬ ತಲೆ ಎತ್ತದೆ ಬಳೆಯ ಗೊಂಚಲು ಬಿಚ್ಚತೊಡಗಿದ.

ಅತ್ತೆ ಮಂಡಿಗೆ ಕೈ ಊರಿ ಎದ್ದರು. "ನೀ ಕುಂತು ಬಳಿ ಇಡಿಸ್ಕೊ. ಆ ದೈತ್ಯನ್ನ ನಾ ನೋಡ್ಕೋತೀನಿ. ನನ್ನ ಕೈ ಖಾಲಿನ ಅದಾವು" ಎಂದು ಒಳಗೆ ಹೋದರು.

ಎರಡು ಬಳೆ ಏರುವಷ್ಟರಲ್ಲಿ ಒಳಗಿನಿಂದ ಗುದ್ದಿನ ಸದ್ದು ಶುರುವಾಯಿತು. ಓಡಿ ಹೋಗೋಣವೆಂದರೆ ಕೈ ಮಾಬೂಸಾಬನ ಕೈಯಲ್ಲಿ. ಆಮೇಲೆ ಕಲ್ಲು ಕುಸಿದಂಥ ದೊಡ್ಡ ಸದ್ದು, ಹಿಂದೆಯೇ ಅತ್ತೆಯ ದನಿ: "ಬಿದ್ದ! ಬಿದ್ದ ನೋಡು!" ಅದರ ಹಿಂದೆಯೇ ಕರೆಂಟು ಹೋಯಿತು. ಗೆದ್ದದ್ದನ್ನು ಉಳಿಸಿಡಲು ಒಂದು ಗುಂಡಿ ಒತ್ತಬೇಕೆಂದು ನಾನು ಅತ್ತೆಗೆ ಹೇಳಿಕೊಟ್ಟಿರಲಿಲ್ಲ.

ಮರುದಿನ ಪರದೆಗೆ ವಿಭೂತಿ, ಇಲಿಗೆ ಕುಂಕುಮ. ದಸರಾದ ಬೆಳಿಗ್ಗೆ ಯಂತ್ರ ನರಗುಂದಕ್ಕೆ ಹೋಯಿತು. ಸಂಜೆ ಬನ್ನಿ ಕೊಡುತ್ತ ಯಜಮಾನರು "ನಿಮ್ಮ ದೈತ್ಯ ಇನ್ನೂ ಬಾಗಿಲದಾಗ ನಿಂತಾನಲ್ಲ!" ಎಂದು ನಕ್ಕರು. "ಅಂವ ಬಿದ್ದದ್ದು ನಾ ನೋಡೇನಿ" ಎಂದರು ಅತ್ತೆ, ಬನ್ನಿಯನ್ನು ಕಣ್ಣಿಗೆ ಒತ್ತಿಕೊಳ್ಳುತ್ತ. ನಾನು ನೋಡಿಲ್ಲ. ನಾನು ಬಳೆ ಇಡಿಸಿಕೊಳ್ಳುತ್ತಿದ್ದೆ.

ಹೆಡ್ ಮಾಸ್ತರರು ಈಗಲೂ ಕಿಟಕಿಯಿಂದ ಇಣುಕುತ್ತಾರೆ, ನಾನು ಈಗಲೂ "ಆಗ್ಲಿರಿ ಸರ್" ಎನ್ನುತ್ತೇನೆ. ಮೂಢನಂಬಿಕೆಯ ಪಾಠವನ್ನೂ ಬಿಟ್ಟಿಲ್ಲ. ಮೇಜು ಕುಟ್ಟುವುದನ್ನು ಮಾತ್ರ ಬಿಟ್ಟಿದ್ದೇನೆ. ಕುಟ್ಟಿದರೆ ಬಳೆ ಸದ್ದು ಮಾಡುತ್ತವೆ. ಜೋರಾಗಿ ಕುಟ್ಟಿದರೆ ಎಲ್ಲಿ ಒಡೆದಾವೋ ಎಂಬ ಭಯ ಬೇರೆ.